ಖಾಲಿ ಹಡಗಿನ ಭಾರ

ಟಿಪ್ಪುವಿನ ಕಾಲದ ಮಂಗಳೂರು ಬಂದರಿನ ವ್ಯಾಪಾರ ನನ್ನ ಪಿಎಚ್‌.ಡಿ. ವಿಷಯ. ರಾಜಧಾನಿ ಶ್ರೀರಂಗಪಟ್ಟಣದ ಆಳ್ವಿಕೆಯಲ್ಲಿದ್ದ ಆ ಬಂದರಿನಿಂದ ಅಕ್ಕಿ, ಮೆಣಸು, ಗಂಧ ಮಸ್ಕತ್ತಿಗೆ ಹೋಗುತ್ತಿದ್ದವು. ಅಲ್ಲಿ ಟಿಪ್ಪುವಿನದೇ ವ್ಯಾಪಾರ ಕೋಠಿಯೂ ಇತ್ತು. ಸರಕಿನ ಲೆಕ್ಕ ಹುಡುಕುತ್ತಿದ್ದ ನನಗೆ ಒಂದು ಪ್ರಶ್ನೆ ತಡವಾಗಿ ಹೊಳೆಯಿತು: ಸರಕು ಇಲ್ಲದಾಗ ಹಡಗು ಏನನ್ನು ಹೊರುತ್ತದೆ?

ಖಾಲಿ ಹಡಗು ಮೇಲೆದ್ದು ತೂಗಾಡುತ್ತದೆ, ಅಲೆಗೆ ಮಗುಚಲೂಬಹುದು. ಹಾಗಾಗಿ ಮರದ ಹಡಗುಗಳ ತಳಕ್ಕೆ ಕಲ್ಲು, ಮರಳು ತುಂಬುತ್ತಿದ್ದರು. ಮಣ್ಣಿನ ಜೊತೆ ಬೀಜ, ಹುಳುಗಳೂ ದೇಶ ದಾಟಿದವು. ಹತ್ತೊಂಬತ್ತನೇ ಶತಮಾನದ ಕೊನೆಗೆ ಉಕ್ಕಿನ ಹಡಗು, ಪಂಪು ಬಂದ ಮೇಲೆ ಕಲ್ಲಿನ ಜಾಗಕ್ಕೆ ನೀರು ಬಂತು. ಇದೇ ಬ್ಯಾಲಸ್ಟ್ ನೀರು. ಸರಕು ಇಳಿಸಿದ ಬಂದರಿನಲ್ಲಿ ತುಂಬಿಕೊಂಡು, ಸರಕು ಏರಿಸುವ ಬಂದರಿನಲ್ಲಿ ಚೆಲ್ಲುವುದು. ಅಂದರೆ ರಫ್ತು ಹೆಚ್ಚಿದ್ದಲ್ಲಿ ಪರದೇಶದ ನೀರೂ ಹೆಚ್ಚು. ಕುದುರೆಮುಖದ ಅದಿರು ಒಯ್ಯಲು ಪಣಂಬೂರಿನ ನವಮಂಗಳೂರು ಬಂದರಿಗೆ ಬರುತ್ತಿದ್ದ ಹಡಗುಗಳೂ ಈ ನಿಯಮಕ್ಕೆ ಹೊರತಲ್ಲ.

ಆ ನೀರಿನಲ್ಲಿ ಬರಿಗಣ್ಣಿಗೆ ಕಾಣದ ಮರಿಗಳು, ಪಾಚಿ, ರೋಗಾಣುಗಳಿರುತ್ತವೆ. ಯುರೋಪಿನ ಜೀಬ್ರಾ ಮಸಲ್ ಎಂಬ ಚಿಪ್ಪುಜೀವಿ ಹೀಗೆ ಉತ್ತರ ಅಮೆರಿಕದ ಮಹಾಸರೋವರಗಳನ್ನು ಸೇರಿತು. 1988ರಲ್ಲಿ ಅದು ಕಣ್ಣಿಗೆ ಬೀಳುವ ಹೊತ್ತಿಗೆ ಬೇರೂರಿಯಾಗಿತ್ತು, ನಗರಗಳ ನೀರಿನ ಕೊಳವೆಗಳನ್ನೇ ಕಟ್ಟಿಹಾಕಿತು. ಕೊನೆಗೆ 2004ರಲ್ಲಿ ಲಂಡನ್ನಿನಲ್ಲಿ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಜಾರಿಗೆ ಬಂದದ್ದು 13 ವರ್ಷಗಳ ನಂತರ, 2017ರ ಸೆಪ್ಟೆಂಬರ್ 8ರಂದು. ಮೊದಲು ನಡುಗಡಲಲ್ಲಿ ನೀರು ಬದಲಿಸಿದರೆ ಸಾಕಿತ್ತು. ಈಗ ನೀರನ್ನು ಸೋಸಿ, ಅತಿನೇರಳೆ ಕಿರಣ ಹಾಯಿಸಿ ಅಥವಾ ಕ್ಲೋರಿನ್ನಿನಿಂದ ಶುದ್ಧಮಾಡಿ ಬಿಡಬೇಕು. ಒಂದು ಘನ ಮೀಟರ್ ನೀರಿನಲ್ಲಿ 50 ಮೈಕ್ರಾನ್ ಮತ್ತು ಅದಕ್ಕಿಂತ ದೊಡ್ಡ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು.

ಇದನ್ನೆಲ್ಲ ಓದಿಕೊಂಡು ಒಂದು ಸಂಜೆ ಶ್ರೀರಂಗಪಟ್ಟಣದ ಹೊಳೆದಂಡೆಗೆ ಹೋಗಿದ್ದೆ. ದಡದುದ್ದಕ್ಕೂ ಅಂತರಗಂಗೆ ಹಬ್ಬಿ, ನೇರಳೆ ಹೂ ಬಿಟ್ಟಿತ್ತು. ಹರಿಗೋಲು ಮಗುಚಿ ಒಣಗಿಸುತ್ತಿದ್ದ ಅಜ್ಜ ಹೇಳಿದರು: "ವರ್ಸ ವರ್ಸ ತೆಗೀತಾರೆ ಕಣವ್ವ, ವರ್ಸ ವರ್ಸ ಬತ್ತದೆ. ಯಾವ ಹಡಗಲ್ಲಿ ಬಂತೋ ಕಾಣೆ."

ಹಡಗಿನ ತೊಟ್ಟಿಯಲ್ಲಿ ಬಂದದ್ದಲ್ಲ ಅಜ್ಜ, ಹೂ ಚೆಂದವೆಂದು ನಾವೇ ತಂದದ್ದು ಎಂದೆ. ದಕ್ಷಿಣ ಅಮೆರಿಕದ ಈ ಗಿಡ ಅಲಂಕಾರಕ್ಕೆಂದು ಭಾರತಕ್ಕೆ ಬಂತು. ಅದರ ಬೀಜ ಕೆಸರಿನಲ್ಲಿ ಹತ್ತಾರು ವರ್ಷ ಬದುಕಿರಬಲ್ಲದು. ನಮ್ಮವರು ಜಿಲೇಬಿ ಎನ್ನುವ ತಿಲಾಪಿಯ ಮೀನೂ ಅಷ್ಟೆ, 1952ರಲ್ಲಿ ಆಹಾರಕ್ಕೆಂದು ದೇಶಕ್ಕೆ ತಂದದ್ದು. ಕಾವೇರಿ ಕೊಳ್ಳದಲ್ಲಿ ಮಾತ್ರ ಇರುವ ಡುಬ್ಬದ ಮಹಶೀರ್, ನಮ್ಮ ದೊಡ್ಡ ಬಿಳಿಮೀನು, 2018ರಿಂದ ಅಳಿವಿನಂಚಿನ ಕೆಂಪು ಪಟ್ಟಿಯಲ್ಲಿದೆ. ಅಣೆಕಟ್ಟು, ಸಿಡಿಮದ್ದುಗಳ ಜೊತೆಗೆ, ಸಂತತಿ ಹೆಚ್ಚಲೆಂದು ಹೊಳೆಗೆ ಬಿಟ್ಟ ಬೇರೆ ಜಾತಿಯ ಮಹಶೀರ್ ಮರಿಗಳೂ ಅದಕ್ಕೆ ಮುಳುವಾದವು. ಯಾರದೂ ಕೆಟ್ಟ ಉದ್ದೇಶವಲ್ಲ.

ನಮ್ಮ ಸೀಮೆಯಲ್ಲಿ ನೀರು ಒಂದೆಡೆ ನಿಲ್ಲುವುದಿಲ್ಲ. ಕನ್ನಂಬಾಡಿಯಿಂದ ವಿಶ್ವೇಶ್ವರಯ್ಯ ನಾಲೆ ಪಾಂಡವಪುರದ ಗದ್ದೆಗಳಿಗೆ ಹರಿಯುತ್ತದೆ. ಗೊರೂರಿನ ಹೇಮಾವತಿ ನೀರು ಕೆ.ಆರ್. ಪೇಟೆ, ನಾಗಮಂಗಲದ ಕೆರೆಗಳಿಗೆ ಬರುತ್ತದೆ. ಒಂದು ಕೆರೆಗೆ ಬಿಟ್ಟದ್ದು ಕೋಡಿ ಬಿದ್ದ ವರ್ಷ ಮುಂದಿನ ಕೆರೆಯದೂ ಆಗುತ್ತದೆ.

ಸಮುದ್ರದವರು ನೂರು ವರ್ಷ ನಷ್ಟ ಉಂಡು ಕಲಿತ ಪಾಠ ಸರಳ: ಹೊಕ್ಕ ಮೇಲೆ ತೆಗೆಯಲಾಗದು, ಬಾಗಿಲಲ್ಲೇ ತಡೆಯಬೇಕು. ಇಂದು ಹಡಗಿನ ಕಪ್ತಾನ ತಾನು ಬಿಡುವ ನೀರಿಗೆ ಲೆಕ್ಕದ ಪುಸ್ತಕ ಇಡಬೇಕು. ಕೆರೆಗೆ ಮರಿ ಸುರಿಯುವಾಗ, ತೊಟ್ಟಿಯ ಬಣ್ಣದ ಮೀನು ಸಾಕಾಗಿ ನಾಲೆಗೆ ಬಿಡುವಾಗ, ಇದು ಎಲ್ಲಿಯದು ಎಂದು ನಾವು ಕೇಳಿಕೊಳ್ಳುತ್ತೇವೆಯೇ? ಮುಂದಿನ ವರ್ಷವೂ ಆ ಅಜ್ಜ ಹರಿಗೋಲಿಗೆ ದಾರಿ ಮಾಡಲು ಅಂತರಗಂಗೆ ಕೀಳಲೇಬೇಕು.