ಹೊಸ ಚೆಂಡಿಗೆ ಯಾರು?

ಕಲಬುರಗಿಯಿಂದ ಹುಮನಾಬಾದ್ ಕಡೆ ಹೊರಟರೆ ಕಮಲಾಪುರ ಸಿಗುತ್ತದೆ. ಕೆಂಪು ಬಾಳೆಹಣ್ಣಿನ ಊರು. ಇಲ್ಲಿನ ಚಹಾದಂಗಡಿಯ ಬೆಂಚಿನ ಮೇಲೆ ಕ್ರಿಕೆಟ್ ಮಾತು ಎದ್ದರೆ ಹಳೆಯ ಜಗಳವೊಂದು ತಾನಾಗಿ ಬರುತ್ತದೆ: ಓಪನಿಂಗ್‌ಗೆ ಗಾವಸ್ಕರ್ ದೊಡ್ಡಾಂವೋ, ಸೆಹ್ವಾಗ್ ದೊಡ್ಡಾಂವೋ? ಹಿರಿಯರು 1971ರಲ್ಲಿ ಗಾವಸ್ಕರ್ ತನ್ನ ಮೊದಲ ಸರಣಿಯಲ್ಲೇ ವೆಸ್ಟ್ ಇಂಡೀಸ್ ನೆಲದಲ್ಲಿ ಗಳಿಸಿದ 774 ರನ್ ಎತ್ತುತ್ತಾರೆ. ಹುಡುಗರು ಸೆಹ್ವಾಗ್‌ನ ಎರಡು ತ್ರಿಶತಕ ಮುಂದಿಡುತ್ತಾರೆ. ಕರ್ನಾಟಕದವರ ಹೆಸರು ಮಾತ್ರ ಬೇಗ ಬಾಯಿಗೆ ಬರುವುದಿಲ್ಲ. ವಿಶ್ವನಾಥ್, ದ್ರಾವಿಡ್ ಎಂದರೆ ಮಧ್ಯಮ ಕ್ರಮಾಂಕ. ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ ಎಂದರೆ ಸ್ಪಿನ್.

ಆದರೂ ಹೊಸ ಚೆಂಡಿನ ಎದುರು ನಿಂತ ಕನ್ನಡನಾಡಿನವರ ಕಥೆ ಸಣ್ಣದಲ್ಲ. ಅವರಲ್ಲಿ ಹಲವರು ಬೇರೆ ಕೆಲಸಕ್ಕೆಂದು ತಂಡಕ್ಕೆ ಬಂದವರು.

ಮೂಲ್ಕಿಯಲ್ಲಿ ಹುಟ್ಟಿದ ಬುಧಿ ಕುಂದರನ್ ವಿಕೆಟ್ ಕೀಪರ್. 1964ರ ಜನವರಿಯಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ ಆರಂಭಕ್ಕೆ ಇಳಿದು 192 ಹೊಡೆದರು. ಮೊದಲ ದಿನವೇ ಅಜೇಯ 170. ಆ ಸರಣಿಯಲ್ಲಿ ಅವರ ಗಳಿಕೆ 525. ರೋಜರ್ ಬಿನ್ನಿ ಎಂದರೆ ಎಲ್ಲರಿಗೂ 1983ರ ವಿಶ್ವಕಪ್‌ನ 18 ವಿಕೆಟ್ ನೆನಪು. ಆದರೆ 1977–78ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ಅವರು ಸಂಜಯ್ ದೇಸಾಯಿ ಜೊತೆ ಆರಂಭಕ್ಕೆ ಹೋಗಿ ವಿಕೆಟ್ ಬೀಳಗೊಡದೆ 451 ರನ್ ಕೂಡಿಸಿದ್ದರು. ದೇಸಾಯಿ ಅಜೇಯ 218, ಬಿನ್ನಿ ಅಜೇಯ 211. ಇಷ್ಟು ದೊಡ್ಡ ಜೊತೆಯಾಟ ನಾಡಿನ ಮಾತಿನಲ್ಲಿ ಇಷ್ಟು ಕಡಿಮೆ ಕೇಳಿಸುವುದು ಬೇಸರದ ಸಂಗತಿ.

ಟೆನಿಸ್ ಚೆಂಡಿನಲ್ಲಿ ಆಡಿ ಬೆಳೆದ ಹುಡುಗನಿಗೆ ಆರಂಭಿಕನ ಕೆಲಸದ ಕಷ್ಟ ಲೆದರ್ ಚೆಂಡು ಕೈಗೆ ಬಂದ ದಿನವೇ ತಿಳಿಯುತ್ತದೆ. ಮೈಯೆಲ್ಲ ಮಿರಮಿರ ಮಿಂಚು, ಬೆರಳಿಗೆ ತಾಕುವಂತೆ ಎದ್ದ ಹೊಲಿಗೆ. ಆ ಹೊಲಿಗೆ ನೇರವಾಗಿ ನೆಲಕ್ಕೆ ಬಿದ್ದರೆ ಚೆಂಡು ಒಳಗೆ ಬರುತ್ತದೋ ಹೊರಗೆ ಹೋಗುತ್ತದೋ ಎಸೆದವನಿಗೇ ಗೊತ್ತಿರುವುದಿಲ್ಲ. ಹಿಂದೆ ಮೂರು ಸ್ಲಿಪ್ ಕಾಯುತ್ತಿರುತ್ತಾರೆ. ಹೊಡೆಯುವುದಕ್ಕಿಂತ ಬಿಡುವುದನ್ನು ಕಲಿಯಬೇಕು.

ಬಿಡುವ ವಿದ್ಯೆಯಲ್ಲಿ ದ್ರಾವಿಡ್‌ಗೆ ಸಾಟಿ ಕಡಿಮೆ. ಮೂರನೇ ಕ್ರಮಾಂಕ ಅವರ ಜಾಗ. ತಂಡಕ್ಕೆ ಬೇಕೆಂದಾಗ ಒಂದು ಮೆಟ್ಟಿಲು ಮೇಲೆ ಹೋದರು. 2006ರಲ್ಲಿ ಲಾಹೋರ್‌ನಲ್ಲಿ ಸೆಹ್ವಾಗ್ ಜೊತೆ 410 ಕೂಡಿಸಿದರು. 1956ರಲ್ಲಿ ಮದ್ರಾಸಿನಲ್ಲಿ ಮಂಕಡ್–ರಾಯ್ ಕಟ್ಟಿದ 413ರ ಅಂದಿನ ವಿಶ್ವದಾಖಲೆಗೆ ಮೂರೇ ರನ್ ಕಡಿಮೆ. ಆದರೆ ಅವರ ನಿಜವಾದ ಎತ್ತರ ಕಂಡದ್ದು 2011ರ ಆಗಸ್ಟ್‌ನಲ್ಲಿ, ಓವಲ್‌ನಲ್ಲಿ. ಇಂಗ್ಲೆಂಡ್ 591 ರನ್ ಪೇರಿಸಿತ್ತು. ಗಂಭೀರ್ ಫೀಲ್ಡಿಂಗ್‌ನಲ್ಲಿ ತಲೆಗೆ ಪೆಟ್ಟು ಮಾಡಿಕೊಂಡಿದ್ದರು. ಸರಣಿ ಆಗಲೇ ಕೈಬಿಟ್ಟಿತ್ತು. 38 ವರ್ಷದ ದ್ರಾವಿಡ್ ಸೆಹ್ವಾಗ್ ಜೊತೆ ಹೋದರು. ಎದುರು ತುದಿಯಲ್ಲಿ ಒಬ್ಬೊಬ್ಬರೇ ಬಂದು ಹೋದರು. ಭಾರತ 300ಕ್ಕೆ ಮುಗಿದಾಗ ಅವರು 146ರಲ್ಲಿ ಔಟಾಗದೆ ನಿಂತಿದ್ದರು. ಫಾಲೋಆನ್ ಬಂತು. ಪ್ಯಾಡ್ ಬಿಚ್ಚುವಷ್ಟೂ ಪುರುಸೊತ್ತಿಲ್ಲದೆ ಅವರೇ ಮತ್ತೆ ಆರಂಭಕ್ಕೆ ಇಳಿದರು. ಕನ್ನಡಿಗನೊಬ್ಬ ಆಡಿದ ಅತ್ಯುತ್ತಮ ಆರಂಭಿಕ ಇನಿಂಗ್ಸ್ ಯಾವುದೆಂದರೆ ಇದೇ. ಕುಂದರನ್ ಅವರ 192ರಲ್ಲಿ ಹೆಚ್ಚು ರನ್ ಇರಬಹುದು, ಬಿನ್ನಿ–ದೇಸಾಯಿ ಜೋಡಿಯ 451 ಹೆಚ್ಚು ಬೆರಗು ಹುಟ್ಟಿಸಬಹುದು. ಇಷ್ಟು ಒಂಟಿಯಾಗಿ ನಿಂತ ಆಟ ಇನ್ನೊಂದಿಲ್ಲ.

ಅಲ್ಲಿಂದೀಚೆಗೆ ಚಿತ್ರ ಬದಲಾಯಿತು. 2014–15ರ ರಣಜಿಯಲ್ಲಿ ಉತ್ತರ ಪ್ರದೇಶದ ವಿರುದ್ಧ ಕೆ.ಎಲ್. ರಾಹುಲ್ 337 ಹೊಡೆದರು, ರಾಜ್ಯದ ಮೊದಲ ತ್ರಿಶತಕ. ಮೆಲ್ಬರ್ನ್‌ನಲ್ಲಿ ತಮ್ಮ ಮೊದಲ ಟೆಸ್ಟ್‌ನಲ್ಲಿ ಆರಂಭಕ್ಕಿಂತ ಕೆಳಗಿನ ಕ್ರಮಾಂಕಗಳಲ್ಲಿ ಆಡಿ ಎಡವಿದವರು ಸಿಡ್ನಿಯಲ್ಲಿ ಆರಂಭಕ್ಕೆ ಬಂದು 110 ಗಳಿಸಿದರು. ಲಾರ್ಡ್ಸ್‌ನಲ್ಲಿ 2021ರ 129, ಅದೇ ವರ್ಷ ಸೆಂಚುರಿಯನ್‌ನಲ್ಲಿ 123. ಹೊರದೇಶದ ಹೊಸ ಚೆಂಡಿನ ಲೆಕ್ಕಕ್ಕೆ ಇವು ತೂಕದ ಶತಕಗಳು. ಮಯಂಕ್ ಅಗರ್ವಾಲ್ ಅಪ್ಪಟ ಆರಂಭಿಕ: 2019ರಲ್ಲಿ ವಿಶಾಖಪಟ್ಟಣದಲ್ಲಿ 215, ಇಂದೋರ್‌ನಲ್ಲಿ 243. ಎರಡೂ ತವರಿನಲ್ಲಿ ಎಂಬ ತಕರಾರು ಇದೆ. ಆದರೂ ಮೊದಲ ಟೆಸ್ಟ್‌ನಲ್ಲೇ ಮೆಲ್ಬರ್ನ್‌ನಲ್ಲಿ ಅವರು ಗಳಿಸಿದ 76 ಮರೆಯುವಂಥದ್ದಲ್ಲ.

ಕಲಬುರಗಿಯ ಹೆಸರೂ ಈ ಕಥೆಯಲ್ಲಿ ಸೇರುತ್ತದೆ. ರಾಜ್ಯದ ಟಿ20 ಲೀಗ್ ಆದ ಮಹಾರಾಜ ಟ್ರೋಫಿಯನ್ನು 2022ರಲ್ಲಿ ಗೆದ್ದದ್ದು ಗುಲ್ಬರ್ಗಾ ಮಿಸ್ಟಿಕ್ಸ್. ಆ ತಂಡಕ್ಕೆ ಆಡಿದ ಎಡಗೈ ಆಟಗಾರ ದೇವದತ್ತ ಪಡಿಕ್ಕಲ್ ದೇಶಿ ಕ್ರಿಕೆಟ್‌ನಲ್ಲಿ ಹೆಸರು ಮಾಡಿದ್ದು ಆರಂಭಿಕನಾಗಿ. 2024ರ ಮಾರ್ಚ್‌ನಲ್ಲಿ ಧರ್ಮಶಾಲಾದಲ್ಲಿ ಭಾರತದ ಟೋಪಿ ಸಿಕ್ಕಾಗ ಅವರನ್ನು ಕಳಿಸಿದ್ದು ನಾಲ್ಕನೇ ಕ್ರಮಾಂಕಕ್ಕೆ. ಅಲ್ಲಿ ನಿಂತು 65 ಗಳಿಸಿದರು.