ತಾಮ್ರದ ತಂತಿ, ಗಾಜಿನ ಎಳೆ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಹೆದ್ದಾರಿಯಲ್ಲಿ ಹೋಗುವವರಿಗೆ ಸುಮಾರು ಅರ್ಧದಾರಿಯಲ್ಲಿ ಐಮಂಗಲ ಸಿಕ್ಕುತ್ತದೆ. ಹಿರಿಯೂರು ತಾಲ್ಲೂಕಿನ ಹೋಬಳಿ ಕೇಂದ್ರವಿದು. ಪೊಲೀಸ್ ತರಬೇತಿ ಶಾಲೆಯಿಂದಾಗಿ ಹೊರಗಿನವರಿಗೂ ಇದರ ಹೆಸರು ಪರಿಚಿತ. ಬೆಂಗಳೂರಿಗೂ ಪುಣೆಗೂ ನಡುವೆ ಓಡಾಡುವ ಲಾರಿಗಳು ಹಗಲಿರುಳೂ ಇದರ ಮಗ್ಗುಲಲ್ಲಿಯೇ ಹಾದುಹೋಗುತ್ತವೆ. ಆದರೆ ಲಾರಿ ನಿಂತು ಮೂಟೆ ಇಳಿಸಿದರೆ ತಾನೆ ಸಾಮಾನು ಊರಿಗೆ ಬಂದಂತೆ? ದೊಡ್ಡ ದಾರಿಯ ಪಕ್ಕದಲ್ಲಿರುವುದು ಬೇರೆ, ದಾರಿ ಮನೆಬಾಗಿಲಿಗೆ ಬರುವುದು ಬೇರೆ. ಇಂಟರ್‌ನೆಟ್ ಎಂಬುದರ ಚರಿತ್ರೆಯನ್ನು ಹೇಳುವವರು ಸಮುದ್ರದ ತಳದ ಕೇಬಲ್ಲುಗಳನ್ನು ವರ್ಣಿಸುತ್ತಾರೆ, ಉಪಗ್ರಹಗಳನ್ನು ವರ್ಣಿಸುತ್ತಾರೆ. ಊರೊಳಗಿನ ಆ ಕಡೆಯ ಮೈಲಿಯನ್ನು ಮಾತ್ರ ಮರೆತುಬಿಡುತ್ತಾರೆ. ವಾಚಕರ ಮುಂದೆ ಈ ಹೊತ್ತು ಆ ಮೈಲಿಯ ಕಥೆಯನ್ನೇ ಇಡಬೇಕೆಂದಿದ್ದೇನೆ.

ಹಿರಿಯೂರು ಸೀಮೆಯವರಿಗೆ ಇದು ಹೊಸ ಸಂಗತಿಯೇನೂ ಅಲ್ಲ. ಮಾರಿಕಣಿವೆಯಲ್ಲಿ ವೇದಾವತಿಗೆ ಅಡ್ಡಲಾಗಿ ವಾಣಿವಿಲಾಸ ಸಾಗರ ಎದ್ದು ನಿಂತು ನೂರು ವರ್ಷಗಳ ಮೇಲಾಯಿತು. ಅಣೆಕಟ್ಟು ಎಷ್ಟೇ ದೊಡ್ಡದಿರಲಿ, ನಾಲೆಯ ಕಡೆಯ ತುದಿಯಲ್ಲಿ ಗದ್ದೆಯುಳ್ಳ ರೈತನನ್ನು ಕೇಳಿ ನೋಡಿ. ಅವನ ಪ್ರಶ್ನೆ ಒಂದೇ: ‘ನೀರು ನನ್ನ ಬದುವಿನವರೆಗೆ ಬಂದೀತೆ?’

ತಾಮ್ರದಿಂದ ಆರಂಭಿಸೋಣ. 1876ರಲ್ಲಿ ಅಲೆಕ್ಸಾಂಡರ್ ಗ್ರಹಾಂ ಬೆಲ್ಲರ ದೂರವಾಣಿ ಹುಟ್ಟಿತು. ಒಂದೊಂದು ಮನೆಗೂ ಎಕ್ಸ್‌ಚೇಂಜಿನಿಂದ ಒಂದೊಂದು ಜೋಡಿ ತಂತಿ. ಪಕ್ಕದ ತಂತಿಯ ಮಾತು ಇದರಲ್ಲಿ ನುಸುಳದಿರಲೆಂದು ಜೋಡಿಯನ್ನು ಹುರಿಗೊಳಿಸಿದರು. ಹಳ್ಳಿಗಾಡಿಗೆ ಈ ಜೋಡಿ ಬರಲು ಬಹಳ ಕಾಲ ಹಿಡಿಯಿತು. ಪೇಟೆಯ ಎಕ್ಸ್‌ಚೇಂಜುಗಳಿಗೆ ತಂಪು ಕೋಣೆ ಬೇಕು. ಹಳ್ಳಿಯಲ್ಲಿ ಅದನ್ನು ಎಲ್ಲಿಂದ ತರುವುದು? 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯವರು ನಮ್ಮ ಸೆಕೆಯನ್ನೂ ಧೂಳನ್ನೂ ತಾಳಿಕೊಳ್ಳುವ 128 ಲೈನುಗಳ ಚಿಕ್ಕ ಎಕ್ಸ್‌ಚೇಂಜೊಂದನ್ನು ರೂಪಿಸಿದರು. ಅದು ಮೊಟ್ಟಮೊದಲು ಕೆಲಸಕ್ಕೆ ನಿಂತುದು 1986ರಲ್ಲಿ, ನಮ್ಮ ಕಿತ್ತೂರಿನಲ್ಲಿ. ಚೆನ್ನಮ್ಮನ ಹೆಸರಿನ ಜೊತೆಗೆ ಈ ಸಂಗತಿಯನ್ನೂ ನಮ್ಮ ಮಕ್ಕಳು ಓದಬೇಕಾದುದು ಉಚಿತವೆಂದು ನನ್ನ ಅಭಿಪ್ರಾಯ.

ಇನ್ನು ಈಥರ್ನೆಟ್. ಈ ಹೆಸರಿನಲ್ಲಿ ಒಂದು ಸ್ವಾರಸ್ಯವುಂಟು. ಬೆಳಕಿನ ಅಲೆಗಳು ಸಾಗಲು ವಿಶ್ವವನ್ನೆಲ್ಲ ತುಂಬಿದ ‘ಈಥರ್’ ಎಂಬ ಸೂಕ್ಷ್ಮವಸ್ತು ಇರಬೇಕೆಂದು ಪಾಶ್ಚಾತ್ಯ ಪಂಡಿತರು ಊಹಿಸಿದ್ದರು. ನಮ್ಮ ತಾರ್ಕಿಕರೂ ಶಬ್ದಕ್ಕೆ ಆಶ್ರಯವಾದ ದ್ರವ್ಯ ಆಕಾಶವೆಂದರು. 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಬಾನುಲಿ ನಿಲಯಕ್ಕೆ ‘ಆಕಾಶವಾಣಿ’ ಎಂಬ ಹೆಸರು ಒಪ್ಪಿದುದು ಆ ಸಂಸ್ಕಾರದಿಂದಲೇ. 1887ರ ಮೈಕೆಲ್ಸನ್–ಮಾರ್ಲಿ ಪ್ರಯೋಗದಲ್ಲಿ ಈಥರಿನ ಸುಳಿವು ಸಿಕ್ಕಲಿಲ್ಲ. ವಸ್ತು ಹೋದರೂ ಹೆಸರು ಉಳಿಯಿತು. 1973ರ ಮೇ 22ರಂದು ಅಮೆರಿಕೆಯ ಜೆರಾಕ್ಸ್ ಕಂಪನಿಯ ಸಂಶೋಧನಾಲಯದಲ್ಲಿ ರಾಬರ್ಟ್ ಮೆಟ್‌ಕಾಫ್ ಎಂಬವರು ಒಂದು ಕಟ್ಟಡದ ಕಂಪ್ಯೂಟರುಗಳನ್ನೆಲ್ಲ ಒಂದೇ ತಂತಿಗೆ ಕಟ್ಟುವ ಉಪಾಯವನ್ನು ಬರೆದಿಟ್ಟು, ಆ ತಂತಿಯೇ ‘ಈಥರ್’ ಎಂದರು. ಬಾನುಲಿಯ ಬಂಧುಗಳಾದ ನಿಮಗೆ ಇನ್ನೊಂದು ಮಾತು ಹಿತವಾದೀತು: ಈ ಉಪಾಯಕ್ಕೆ ಪ್ರೇರಣೆ ಹವಾಯಿ ದ್ವೀಪಗಳ ನಡುವೆ ರೇಡಿಯೋ ಮೂಲಕ ಕಂಪ್ಯೂಟರುಗಳನ್ನು ಜೋಡಿಸಿದ್ದ ‘ಅಲೋಹಾ’ ಎಂಬ ಜಾಲ.

ಉಪಾಯ ಸರಳವಾದುದು. ಕಳುಹಿಸಬೇಕಾದ ವಿಷಯವನ್ನು ಕಂತೆಗಳಾಗಿ ಕಟ್ಟುವುದು, ಪ್ರತಿ ಕಂತೆಯ ಮೇಲೂ ಅಂಚೆಯ ಲಕೋಟೆಯಂತೆ ಇಂಥವರಿಂದ ಇಂಥವರಿಗೆ ಎಂದು ವಿಳಾಸ ಬರೆಯುವುದು, ತಂತಿಯಲ್ಲಿ ಬೇರೆಯವರ ಮಾತಿಲ್ಲವೆಂದು ಕೇಳಿಕೊಂಡು ಬಿಡುವುದು. ಡಿಕ್ಕಿಯಾದರೆ ತುಸು ತಡೆದು ಮತ್ತೆ ಬಿಡುವುದು. 1983ರಲ್ಲಿ ಇದಕ್ಕೆ ಸರ್ವಸಮ್ಮತವಾದ ನಿಯಮಾವಳಿ ಬಂತು. 1990ರಲ್ಲಿ ದೂರವಾಣಿಯಂತೆಯೇ ಹುರಿಗೊಳಿಸಿದ ತಾಮ್ರದ ಜೋಡಿಗಳ ಮೇಲೆ ಅದು ನಡೆಯತೊಡಗಿತು. ಆದರೆ 100 ಮೀಟರಿನ ಎಲ್ಲೆ ಮೀರಿ ಅದು ಹೋಗಲಾರದು. ಕಟ್ಟಡದೊಳಗೆ ರಾಜ, ಹೊಸ್ತಿಲಿನಾಚೆಗೆ ಪರದೇಶಿ!

ಹೊಸ್ತಿಲಿನಾಚೆ ಇದ್ದುದು ಅದೇ ಹಳೆಯ ದೂರವಾಣಿ ತಂತಿ. ಮನುಷ್ಯನ ಮಾತಿಗೆ ಆ ತಂತಿಯಲ್ಲಿ ಸೆಕೆಂಡಿಗೆ 3400 ಕಂಪನಗಳವರೆಗಿನ ಜಾಗ ಸಾಕು. ಅದಕ್ಕೆ ಮೇಲ್ಪಟ್ಟು ಸುಮಾರು 11 ಲಕ್ಷ ಕಂಪನಗಳವರೆಗೆ ಬೀಳುಬಿದ್ದಿದ್ದ ಜಾಗವನ್ನು ಉತ್ತು ಬಿತ್ತಿದ ವಿದ್ಯೆಗೇ ಡಿ.ಎಸ್.ಎಲ್. ಎಂದು ಹೆಸರು. ನಮ್ಮ ದೇಶದಲ್ಲಿ 2004ರ ಸರ್ಕಾರಿ ನೀತಿ, ಸೆಕೆಂಡಿಗೆ 2 ಲಕ್ಷ 56 ಸಾವಿರ ಬಿಟ್‌ಗಳು ಬಂದರೆ ಅದು ಬ್ರಾಡ್‌ಬ್ಯಾಂಡ್ ಎಂದಿತು. ಬಿಟ್ ಎಂದರೆ ಸೊನ್ನೆ ಅಥವಾ ಒಂದು ಎಂಬ ಒಂದು ಗುರುತು. 2005ರ ಜನವರಿಯಲ್ಲಿ ಬಿ.ಎಸ್.ಎನ್.ಎಲ್. ಈ ಸೇವೆಯನ್ನು ಆರಂಭಿಸಿತು. ಆಗ ಈಥರ್ನೆಟ್ಟಿನ ಕಂತೆಗಳನ್ನು 53 ಬೈಟಿನ ತುಣುಕುಗಳಾಗಿ ಕತ್ತರಿಸಿ ತಂತಿಯಲ್ಲಿ ಬಿಡಬೇಕಾಗಿತ್ತು, ಆ ತುದಿಯಲ್ಲಿ ಮತ್ತೆ ಜೋಡಿಸಬೇಕಾಗಿತ್ತು. ಮೀಟರ್‌ಗೇಜಿನ ಕಾಲದಲ್ಲಿ ಜಂಕ್ಷನ್ನುಗಳಲ್ಲಿ ಮೂಟೆಗಳನ್ನು ಗಾಡಿಯಿಂದ ಗಾಡಿಗೆ ಹೊರಿಸುತ್ತಿದ್ದುದನ್ನು ಕಂಡವರಿಗೆ ಇದರ ತೊಡಕು ತಿಳಿದೀತು.

2004ರ ಜೂನಿನಲ್ಲಿಯೇ ಇದಕ್ಕೆ ಪರಿಹಾರ ಹೊರಟಿತ್ತು. ಈಥರ್ನೆಟ್ಟಿನ ನಿಯಮಕರ್ತರು ಮನೆಬಾಗಿಲಿನವರೆಗೂ ಕಂತೆ ಕಂತೆಯಾಗಿಯೇ ಬರುವಂತೆ ಹೊಸ ನಿಯಮಗಳನ್ನು ಪ್ರಕಟಿಸಿದರು. ದೂರವಾಣಿಯವರು ‘ಕಡೆಯ ಮೈಲಿ’ ಎನ್ನುತ್ತಿದ್ದುದನ್ನು ಇವರು ‘ಮೊದಲ ಮೈಲಿ’ ಎಂದು ಕರೆದರು. ಎಕ್ಸ್‌ಚೇಂಜಿನಲ್ಲಿ ನಿಂತು ನೋಡಿದರೆ ಕಡೆಯದು, ಮನೆಯ ಜಗಲಿಯಲ್ಲಿ ನಿಂತು ನೋಡಿದರೆ ಮೊದಲನೆಯದು. ಈ ಎರಡನೆಯ ನೋಟವೇ ನನಗೆ ಹೆಚ್ಚು ಮೆಚ್ಚು. ಆ ನಿಯಮಗಳಲ್ಲಿ ತಾಮ್ರಕ್ಕೂ ಗಾಜಿಗೂ ಎಡೆ ಇತ್ತು. ಆದರೆ ಅಂಕಿಗಳನ್ನು ನೋಡಿ: ತಾಮ್ರದ ಒಂದು ಜೋಡಿಯಲ್ಲಿ 750 ಮೀಟರಿನವರೆಗೆ ಸೆಕೆಂಡಿಗೆ ಒಂದು ಕೋಟಿ ಬಿಟ್, 2700 ಮೀಟರಿಗೆ ಹೋದರೆ 20 ಲಕ್ಷ. ಗಾಜಿನ ಎಳೆಯಲ್ಲಾದರೋ 10 ಕಿಲೋಮೀಟರ್, 20 ಕಿಲೋಮೀಟರ್ ದೂರಕ್ಕೂ 100 ಕೋಟಿ! ಹೊಲದ ನಡುವೆ ಚೆದುರಿದ ಹಟ್ಟಿಗಳ ನಮ್ಮ ಸೀಮೆಯಲ್ಲಿ ಎಕ್ಸ್‌ಚೇಂಜಿನಿಂದ 750 ಮೀಟರಿನೊಳಗೆ ಎಷ್ಟು ಮನೆ ಸಿಕ್ಕಾವು?

ಗಾಜಿಗೆ ಈ ಶಕ್ತಿ ಬಂದ ಬಗೆಯನ್ನು ಚುಟುಕಾಗಿ ಹೇಳಿಬಿಡುತ್ತೇನೆ. ಗಾಜಿನೊಳಗಿನ ಕಲ್ಮಷವನ್ನು ಕಳೆದರೆ ಬೆಳಕು ಬಹುದೂರ ಸಾಗೀತೆಂದು 1966ರಲ್ಲಿ ಚಾರ್ಲ್ಸ್ ಕಾವೊ ತೋರಿಸಿಕೊಟ್ಟರು. 1970ರಲ್ಲಿ ಅಮೆರಿಕೆಯ ಕಾರ್ನಿಂಗ್ ಕಂಪನಿಯವರು ಅಂಥ ಎಳೆಯನ್ನು ಎಳೆದರು. 2009ರಲ್ಲಿ ಕಾವೊ ಅವರಿಗೆ ನೊಬೆಲ್ ಬಹುಮಾನ ಬಂತು.

ಮನೆಮನೆಗೂ ಬೇರೆ ಬೇರೆ ಎಳೆ ಹೂಳುವುದು ದುಬಾರಿ. ಆದುದರಿಂದ ಒಂದೇ ಎಳೆಯನ್ನು ದೂರ ತಂದು, ಊರಿನ ಹತ್ತಿರ ವಿದ್ಯುತ್ತಿನ ಹಂಗಿಲ್ಲದ ಒಂದು ಗಾಜಿನ ಕವಲಿನಿಂದ ಹದಿನಾರಕ್ಕೋ ಮೂವತ್ತೆರಡಕ್ಕೋ ಒಡೆಯುತ್ತಾರೆ. ಇಳಿದು ಬರುವ ಕಂತೆಗಳು ಎಲ್ಲರ ಬಾಗಿಲಿಗೂ ಬರುತ್ತವೆ. ತನ್ನ ವಿಳಾಸದ್ದನ್ನು ಮಾತ್ರ ಪ್ರತಿಮನೆಯ ಪೆಟ್ಟಿಗೆ ಎತ್ತಿಕೊಳ್ಳುತ್ತದೆ. ಮೇಲಕ್ಕೆ ಹೋಗುವುದಕ್ಕೆ ಮಾತ್ರ ಸರದಿಯುಂಟು. ಎಕ್ಸ್‌ಚೇಂಜಿನ ಯಂತ್ರ ನಮ್ಮ ಕೆರೆಯ ನೀರುಗಂಟಿಯಂತೆ, ‘ಈಗ ನಿನ್ನ ಪಾಳಿ, ಈಗ ಅವನ ಪಾಳಿ’ ಎಂದು ಸೆಕೆಂಡಿನ ಸಾವಿರಪಾಲಿಗಿಂತ ಕಿರಿದಾದ ಹೊತ್ತುಗಳನ್ನು ಹಂಚುತ್ತದೆ.

ಇದರಿಂದ ಐಮಂಗಲದ ರೈತನಿಗೇನು ಎಂದು ಕೇಳುವಿರಾ? ಶತಮಾನದ ಆರಂಭದಲ್ಲಿ ‘ಭೂಮಿ’ ಯೋಜನೆಯ ಮೂಲಕ ಕರ್ನಾಟಕದ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆದರೆ ಆ ಹಾಳೆ ಸಿಕ್ಕುತ್ತಿದ್ದುದು ತಾಲ್ಲೂಕು ಕಚೇರಿಯಲ್ಲಿ. ಬಸ್ಸು ಹಿಡಿದು ಹಿರಿಯೂರಿಗೇ ಹೋಗಬೇಕು, ಒಂದು ದಿನದ ಕೂಲಿ ಬಿಡಬೇಕು. ಅದು ಗ್ರಾಮ ಪಂಚಾಯಿತಿಯಲ್ಲಿಯೇ ಸಿಕ್ಕಬೇಕಾದರೆ ಪಂಚಾಯಿತಿಗೆ ನೆಚ್ಚಬಹುದಾದ ಲೈನು ಬೇಕು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಸುಮಾರು ಎರಡೂವರೆ ಲಕ್ಷ ಪಂಚಾಯಿತಿಗಳಿಗೆ ಗಾಜಿನ ಎಳೆ ಒಯ್ಯುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಅದೇ ಮುಂದೆ ‘ಭಾರತ್‌ನೆಟ್’ ಆಯಿತು. ಮೊದಲ ಹಂತದಲ್ಲಿ, ತಾಲ್ಲೂಕು ಕೇಂದ್ರದಿಂದ ಆಗಲೇ ಹೂಳಿದ್ದ ಎಳೆಗೆ ಹೊಸ ಎಳೆಯನ್ನು ಬೆಸೆದು ಪಂಚಾಯಿತಿ ಕಟ್ಟಡದವರೆಗೆ ಒಯ್ದರು. ಬಳಸಿದ ವಿದ್ಯೆ ಮೇಲೆ ಹೇಳಿದ ಕವಲಿನ ವಿದ್ಯೆಯ ಇನ್ನೊಂದು ಬಗೆ.

ಕಟ್ಟಡದವರೆಗೆ ಎಂದೆ, ಮನೆಯವರೆಗೆ ಎನ್ನಲಿಲ್ಲ. ನಾಲೆ ಊರಬಾಗಿಲಿಗೆ ಬಂದು ನಿಂತಿತು, ಗದ್ದೆಗೆ ಹಾಯಿಸುವ ಕಾಲುವೆ ತೋಡಿರಲಿಲ್ಲ. ಮೇಲಾಗಿ ಎಳೆ ಒಂದೇ ಗೆರೆಯಾಗಿ ಹೋಗಿದ್ದುದರಿಂದ ದಾರಿಯಲ್ಲಿ ಎಲ್ಲಿಯೋ ಜೆ.ಸಿ.ಬಿ. ಬಾಯಿ ಹಾಕಿದರೆ ಅದರಿಂದಾಚೆಯ ಪಂಚಾಯಿತಿಗಳೆಲ್ಲ ಮೂಕ. ಇದನ್ನು ಕಂಡುಕೊಂಡು 2023ರ ಆಗಸ್ಟಿನಲ್ಲಿ ಒಪ್ಪಿಗೆಯಾದ ತಿದ್ದುಪಡಿ ಯೋಜನೆಯಲ್ಲಿ, ಒಂದು ಕಡೆ ಕತ್ತರಿಸಿದರೆ ಇನ್ನೊಂದು ಕಡೆಯಿಂದ ಬರುವಂತೆ ಪಂಚಾಯಿತಿಗಳನ್ನು ಬಳೆಯಾಕಾರದಲ್ಲಿ ಜೋಡಿಸಬೇಕೆಂದೂ, ಕೇಳಿದ ಇತರ ಹಳ್ಳಿಗಳಿಗೂ ಒಯ್ಯಬೇಕೆಂದೂ ಗೊತ್ತುಮಾಡಿದರು. ಹನ್ನೆರಡು ವರ್ಷಗಳ ಮೇಲೆ ಬಂದ ಬುದ್ಧಿ, ಬಂದುದು ಒಳ್ಳೆಯದೇ.

ತಾಮ್ರವನ್ನು ಪೂರಾ ಹಳಿಯಲಾಗದು. ಎಕ್ಸ್‌ಚೇಂಜಿನ ಬ್ಯಾಟರಿಯಿಂದ 48 ವೋಲ್ಟ್ ವಿದ್ಯುತ್ತನ್ನು ಆ ತಂತಿಯೇ ಹೊತ್ತು ತರುತ್ತಿತ್ತು. ಮನೆಯಲ್ಲಿ ಕರೆಂಟು ಹೋದರೂ ದೂರವಾಣಿ ಗಂಟೆ ಬಾರಿಸುತ್ತಿತ್ತು. ಗಾಜು ಬೆಳಕನ್ನು ತಂದೀತೇ ಹೊರತು ವಿದ್ಯುತ್ತನ್ನು ತಾರದು. ಪಂಚಾಯಿತಿಯ ಗೋಡೆಯ ಮೇಲಿನ ಪೆಟ್ಟಿಗೆಗೆ ಅಲ್ಲಿಯೇ ಬ್ಯಾಟರಿ ಬೇಕು, ಅದನ್ನು ನೋಡಿಕೊಳ್ಳುವವರು ಬೇಕು. ಆ ಪೆಟ್ಟಿಗೆಯಿಂದ ಗುಮಾಸ್ತರ ಮೇಜಿನ ಕಂಪ್ಯೂಟರಿಗೆ ಇರುವ ನಾಲ್ಕಾರು ಮಾರು ದೂರವನ್ನು ಇಂದಿಗೂ ಸಾಮಾನ್ಯವಾಗಿ ದಾಟಿಸುವುದು ಹುರಿಗೊಳಿಸಿದ ನಾಲ್ಕು ಜೋಡಿ ತಾಮ್ರದ ತಂತಿ.