ತಂಗಾಳಿಯ ಬಳಗದ ತಂಗಳು

'ತಂಗಳು' ಅಂದರೆ ರಾತ್ರಿ ತಂಗಿದ್ದು ಎಂದು ಯಾರಾದರೂ ವಿವರಿಸಿದರೆ ಒಪ್ಪಿಬಿಡಬೇಕು ಅನ್ನಿಸುತ್ತದೆ. ನಿನ್ನೆ ರಾತ್ರಿ ಉಳಿದ ಅನ್ನ ನಮ್ಮ ಅಡುಗೆಮನೆಯಲ್ಲೇ ಮಲಗಿ ಬೆಳಿಗ್ಗೆ ಎದ್ದಿದೆ, ಅಷ್ಟೇ ತಾನೆ? ಆದರೆ ಪದದ ಬೇರು ಬೇರೆ ಕಡೆ ಇದೆ. ತಣ್ ಎಂದರೆ ತಂಪು, ಕೂಳ್ ಎಂದರೆ ಬೆಂದ ಅನ್ನ. ಎರಡೂ ಸೇರಿ ತಂಗೂಳ್. ಬಾಯಿಂದ ಬಾಯಿಗೆ ಸವೆದು ತಂಗುಳು, ತಂಗಳು. ಶಾಲೆಯಲ್ಲಿ ಆದೇಶಸಂಧಿ ಓದಿದವರಿಗೆ ಕಕಾರ ಗಕಾರವಾಗುವ ಈ ದಾರಿ ಗೊತ್ತೇ ಇದೆ. ಅದೇ ದಾರಿಯಲ್ಲಿ ನಡೆದು, ತಣ್ಣನೆಯ ಕದಿರಿನ ಚಂದ್ರ ಹಳಗನ್ನಡದಲ್ಲಿ ತಂಗದಿರನಾದ. ತಂಗಾಳಿಯೂ ಈ ಮನೆತನದ್ದೇ. ಚಂದ್ರ, ಸಂಜೆಯ ಗಾಳಿ, ನಿನ್ನೆಯ ಅನ್ನ ಮೂರೂ ಒಂದೇ ಬಳಗವೆಂದು ತಿಳಿದ ದಿನ ನಾನು ಮನೆಯವರಿಗೆಲ್ಲ ಅದನ್ನು ಹೇಳಿಕೊಂಡು ಓಡಾಡಿದ್ದೇನೆ.

ನೆರೆಹೊರೆಯ ಭಾಷೆಗಳನ್ನು ನೋಡಿದರೆ ಈ ಪದದ ಚೆಲುವು ಇನ್ನೂ ಚೆನ್ನಾಗಿ ಕಾಣುತ್ತದೆ. ತಮಿಳರು 'ಪಳಯ ಸೋರು' ಅನ್ನುತ್ತಾರೆ, ಅಂದರೆ ಹಳೆಯ ಅನ್ನ. ಬಂಗಾಳಿಗಳ 'ಪಾಂತಾ ಭಾತ್' ನೀರಲ್ಲಿ ನೆನೆದದ್ದು. ಒಡಿಶಾದವರಿಗೆ ತಮ್ಮ 'ಪಖಾಳ'ದ ಮೇಲೆ ಎಷ್ಟು ಅಕ್ಕರೆಯೆಂದರೆ ಪ್ರತಿ ವರ್ಷ ಮಾರ್ಚ್ 20ರಂದು ಅದಕ್ಕೊಂದು ದಿನಾಚರಣೆಯನ್ನೇ ಮಾಡುತ್ತಾರೆ. ತಮಿಳು ಅನ್ನದ ವಯಸ್ಸು ಹೇಳಿತು, ಬಂಗಾಳಿ ಅದರ ನೀರು ಹೇಳಿತು. ಕನ್ನಡ ಮಾತ್ರ ಮುಟ್ಟಿ ನೋಡಿ, ತಣ್ಣಗಿದೆ ಅಂತಷ್ಟೇ ಹೇಳಿತು. ಅದರಲ್ಲಿ ದೂರಿಲ್ಲ. ಬೇಸಿಗೆಯ ಬೆಳಗಿನಲ್ಲಿ ಅದು ಹೊಗಳಿಕೆಯೂ ಹೌದು.

ಮಾನ ಕಳೆದುಕೊಂಡದ್ದು ಕೂಳು. ಒಂದು ಕಾಲಕ್ಕೆ ಅದು ಬರಿಯ ಅನ್ನವಾಗಿತ್ತು. ಸಂಸ್ಕೃತದ 'ಅನ್ನ' ಬಂದು ಪಂಕ್ತಿಯ ಮುಂದುಗಡೆ ಕೂತ ಮೇಲೆ ಕೂಳಿಗೆ ಬೈಗುಳದ ಪಾಲು ಬಂತು: ಕೂಳಿಗೆ ದಂಡ, ಭೂಮಿಗೆ ಭಾರ. ಆದರೆ ತಂಗಳಿನೊಳಗೆ ಅದು ಯಾರ ಕಣ್ಣಿಗೂ ಬೀಳದೆ ಬದುಕಿಕೊಂಡಿದೆ. ಅದನ್ನು ಎಷ್ಟು ಮರೆತಿದ್ದೇವೆಂದರೆ 'ತಂಗಳನ್ನ' ಅನ್ನುವಾಗ ಅನ್ನವನ್ನು ಎರಡು ಸಲ ಹೇಳುತ್ತಿದ್ದೇವೆಂದು ಯಾರಿಗೂ ಹೊಳೆಯುವುದಿಲ್ಲ. ಗೇಟುಬಾಗಿಲಿನ ಹಾಗೆ ಇದೂ ಜೋಡಿಪದ. ತಂಗಳು ರೊಟ್ಟಿ, ತಂಗಳು ಮುದ್ದೆಗಳಲ್ಲಂತೂ ರೊಟ್ಟಿಯ ಪಕ್ಕ, ಮುದ್ದೆಯ ಪಕ್ಕ ಒಂದು ಹಳೆಯ ಅನ್ನದಗುಳು ಸುಮ್ಮನೆ ಕೂತಿದೆ.

ಫ್ರಿಜ್ಜು ಬರುವ ಮೊದಲು ಉಳಿದದ್ದು ಹೋಗುತ್ತಿದ್ದುದು ನೆಲುವಿಗೆ. ತೊಲೆಯಿಂದ ಇಳಿಬಿಟ್ಟ ಹಗ್ಗದ ಸಿಂಬಿಯಲ್ಲಿ ಮಡಕೆಯ ಮೇಲೆ ಮಡಕೆ. ಬೆಕ್ಕಿಗೂ ಎಟುಕಬಾರದು, ಮಕ್ಕಳಿಗೂ ಎಟುಕಬಾರದು. ಅನ್ನಕ್ಕೆ ನೀರು ಹಾಕಿಟ್ಟರೆ ಬೆಳಗಾಗುವುದರೊಳಗೆ ಲ್ಯಾಕ್ಟಿಕ್ ಆಮ್ಲದ ಬ್ಯಾಕ್ಟೀರಿಯಾಗಳು ಕೆಲಸ ಮಾಡಿ ಹದವಾದ ಹುಳಿ ಬರಿಸುತ್ತಿದ್ದವು. 1958ರಲ್ಲಿ ಗೋದ್ರೆಜ್ ಕಂಪನಿ ಭಾರತದಲ್ಲೇ ಫ್ರಿಜ್ ತಯಾರಿಸತೊಡಗಿತು. ಅದು ಮಧ್ಯಮವರ್ಗದ ಮನೆಗಳಿಗೆ ಬರುವ ಹೊತ್ತಿಗೆ ಪಂಡಿತರು ಶೀತಕ, ಶೈತ್ಯಪೆಟ್ಟಿಗೆ ಎಂದೆಲ್ಲ ಹೆಸರು ಸಿದ್ಧಮಾಡಿ ಇಟ್ಟುಕೊಂಡಿದ್ದರು. ಮನೆಯವರು ಒಳಗೆ ಏನಿರುತ್ತದೆಂದು ನೋಡಿ 'ತಂಗಳು ಪೆಟ್ಟಿಗೆ' ಎಂದು ನಕ್ಕರು. ಹೊಸ ಯಂತ್ರವೊಂದಕ್ಕೆ ಕನ್ನಡದಲ್ಲಿ ಇಷ್ಟು ಸತ್ಯವಾದ ಹೆಸರು ಇನ್ನೊಂದು ಸಿಕ್ಕಿಲ್ಲವೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಈ ಪೆಟ್ಟಿಗೆಯ ಸುತ್ತ ದಿನಾ ನಡೆಯುವ ನಾಟಕ ನನಗೆ ತುಂಬ ಇಷ್ಟ. ರಾತ್ರಿ ಊಟದ ಕೊನೆಗೆ ಎರಡು ಚಮಚ ಹುರುಳಿಕಾಯಿ ಪಲ್ಯ ಉಳಿಯುತ್ತದೆ. 'ಇಷ್ಟಕ್ಕೆ ಒಂದು ಬಟ್ಟಲು ಯಾಕೆ, ಯಾರಾದರೂ ಖಾಲಿ ಮಾಡಿಬಿಡಿ' ಎಂಬ ಅಹವಾಲು ಮೇಜಿನ ಸುತ್ತ ಒಂದು ಸುತ್ತು ಹಾಕುತ್ತದೆ. ಎಲ್ಲರಿಗೂ ಆ ಕ್ಷಣಕ್ಕೆ ಹೊಟ್ಟೆ ತುಂಬಿರುತ್ತದೆ. ಬಟ್ಟಲು ಒಳಗೆ ಹೋಗುತ್ತದೆ. ರಾತ್ರಿ ಹನ್ನೊಂದಕ್ಕೆ ನೀರು ಕುಡಿಯಲು ಎದ್ದವರು ಯಾರೋ ನಿಂತುಕೊಂಡೇ ಅದನ್ನು ಮುಗಿಸಿರುತ್ತಾರೆ; ಬೆಳಿಗ್ಗೆ ಕೇಳಿದರೆ ಯಾರೂ ಇಲ್ಲ. ಮಾರನೆಯ ದಿನ ತಿಂಡಿಗೆ ಚಿತ್ರಾನ್ನ ಬಂದರೆ ಮಕ್ಕಳು ಮೊದಲು ಬಾಣಲೆಯ ಕಡೆ, ಆಮೇಲೆ ಅಮ್ಮನ ಮುಖದ ಕಡೆ ನೋಡುತ್ತಾರೆ. 'ನಿನ್ನೆ ಅನ್ನ ಉಳಿದಿತ್ತಾ?' 'ಚಿತ್ರಾನ್ನ ಬೇಕು ಅಂತ ನೀನೇ ಮೊನ್ನೆ ಕೇಳಿದ್ದೆಯಲ್ಲ.' ಎರಡೂ ಕಡೆಯವರಿಗೆ ಸತ್ಯ ಗೊತ್ತು, ಎರಡೂ ಕಡೆಯವರು ಎರಡನೆಯ ಸಲ ಹಾಕಿಸಿಕೊಳ್ಳುತ್ತಾರೆ.

ಚಿತ್ರಾನ್ನದ ಪರವಾಗಿ ಹೇಳಲೇಬೇಕಾದ ಮಾತೊಂದಿದೆ. ಬಿಸಿ ಅನ್ನಕ್ಕಿಂತ ತಂಗಳು ಅದಕ್ಕೆ ಹೆಚ್ಚು ಒಗ್ಗುತ್ತದೆ. ಆರಿದ ಅನ್ನದಲ್ಲಿ ಪಿಷ್ಟದ ಎಳೆಗಳು ಮತ್ತೆ ಒತ್ತಾಗಿ ಕೂಡಿಕೊಂಡು ಅಗುಳು ಗಟ್ಟಿಯಾಗುತ್ತದೆ, ಒಂದಕ್ಕೊಂದು ಅಂಟುವುದಿಲ್ಲ. ಒಗ್ಗರಣೆ ಪ್ರತಿಯೊಂದು ಅಗುಳಿಗೂ ಬೇರೆಬೇರೆಯಾಗಿ ತಾಗುತ್ತದೆ. ಹಾಗೆಂದು ಬೇಸಿಗೆಯಲ್ಲಿ ಅನ್ನವನ್ನು ಇಡೀ ರಾತ್ರಿ ಹೊರಗೆ ಬಿಡಬಾರದು. ಬೇಯಿಸಿದರೂ ಸಾಯದ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಅಂಥ ಅವಕಾಶಕ್ಕೇ ಕಾದಿರುತ್ತವೆ. ತಂಗಳಿಗೂ ಹಳಸಲಿಗೂ ನಡುವೆ ಒಂದು ಗೆರೆಯಿದೆ. ಅದನ್ನು ಮೂಗಿನಿಂದಲೇ ಗುರುತಿಸುವ ಹೆಂಗಸರು ಪ್ರತಿ ಮನೆಯಲ್ಲೂ ಇದ್ದರು.

ನಿನ್ನೆಯ ಇಡ್ಲಿ ಇವತ್ತು ಪುಡಿಯಾಗಿ ಇಡ್ಲಿ ಉಪ್ಪಿಟ್ಟು, ಹುಳಿ ಹೆಚ್ಚಾದ ದೋಸೆಹಿಟ್ಟು ಸಂಜೆ ಹೊತ್ತಿಗೆ ಪಡ್ಡು. ಬಯಲುಸೀಮೆಯಲ್ಲಿ ತಂಗಳು ಮುದ್ದೆಯನ್ನು ಮಜ್ಜಿಗೆಯಲ್ಲಿ ಕಿವುಚಿ, ಈರುಳ್ಳಿ ಕಚ್ಚಿಕೊಂಡು ಕುಡಿದರೆ ಬಿಸಿಲಿಗೆ ಹೋಗಲು ಧೈರ್ಯ ಬರುತ್ತದೆ. ಕರಾವಳಿಯಲ್ಲಿ ನಿನ್ನೆಯ ಮೀನುಸಾರಿಗೆ ಇವತ್ತಿನ ನೀರುದೋಸೆಯೇ ಜೋಡಿ. ಇವುಗಳಲ್ಲೆಲ್ಲ ನನಗೆ ಅತ್ಯಂತ ಪ್ರಿಯವಾದದ್ದು ಒಂದು ಮಾತಿನ ಚಮತ್ಕಾರ: ಫ್ರಿಜ್ಜಿನಿಂದ ತೆಗೆದು ಮೇಜಿನ ಮೇಲಿಟ್ಟು, ಮುಟ್ಟಿದರೆ ಬೆರಳು ಮರಗಟ್ಟುವಂತಿದ್ದರೂ, ಅದರ ಹೆಸರು ಬಿಸಿಬೇಳೆಬಾತೇ. 'ತಣ್ಣಗಿರುವ ಬಿಸಿಬೇಳೆಬಾತನ್ನು ಬಿಸಿ ಮಾಡು' ಎಂದು ಮನೆಯಲ್ಲಿ ಯಾರಾದರೂ ಹೇಳಿದಾಗ ಪಕ್ಕದಲ್ಲಿ ಮಗುವಿದ್ದರೆ ನಗದೆ ಬಿಡುವುದಿಲ್ಲ. ದೊಡ್ಡವರೂ ನಗಬೇಕು.

ತಂಗಳನ್ನು ಶಾಸ್ತ್ರ ಒಪ್ಪಲಿಲ್ಲ. ಭಗವದ್ಗೀತೆಯ ಹದಿನೇಳನೆಯ ಅಧ್ಯಾಯ ರಾತ್ರಿ ಕಳೆದ ಆಹಾರವನ್ನು ತಾಮಸದ ಪಾಲಿಗೆ ಹಾಕಿದೆ. ಮಡಿಯ ಮನೆಗಳಲ್ಲಿ ಅದು ನೈವೇದ್ಯಕ್ಕಿಲ್ಲ, ಶ್ರಾದ್ಧಕ್ಕಿಲ್ಲ, ನೆಂಟರಿಗೂ ಇಲ್ಲ. ದೇವರಿಗೂ ಅತಿಥಿಗೂ ಬಿಸಿಯದು, ತಂಗಳು ಮನೆಯವರಿಗೆ. ಈ ಕಟ್ಟಳೆಯಿಂದಲೇ ತಂಗಳಿಗೆ ಒಂದು ಸಲಿಗೆ ಬಂದಿದೆ ಅಂತ ನನಗನ್ನಿಸುತ್ತದೆ. ಬಹಳ ದಿನದಿಂದ ಬಂದು ಹೋಗುವ ಗೆಳತಿಗೆ ಒಂದು ಮಧ್ಯಾಹ್ನ ಮನೆಯಾಕೆ 'ತಂಗಳಿದೆ ಕಣೇ, ಮೊಸರು ಕಲಸಿಕೊಡಲಾ?' ಅಂದರೆ, ಆಕೆ ಇನ್ನು ಮುಂದೆ ನೆಂಟಳಲ್ಲ, ಮನೆಯವಳು. ಹೊಸ ಸೊಸೆಗೂ ಹಾಗೇ. ಮೊದಮೊದಲು ಆಕೆಗೆ ಬಿಸಿಬಿಸಿ ಬಡಿಸಿ ಉಪಚಾರ ಮಾಡುತ್ತಾರೆ. ಆಕೆಯೇ ಎದ್ದು ಪೆಟ್ಟಿಗೆ ತೆಗೆದು 'ನಿನ್ನೆಯ ಗೊಜ್ಜು ಎಲ್ಲಿ?' ಎಂದು ಕೇಳಿದ ದಿನ ಮನೆ ಆಕೆಯದೂ ಆಯಿತು.

ಆದರೆ ಕೇಳುವವರು ಯಾರು, ಕೊಡುವವರು ಯಾರು ಎಂಬುದರ ಮೇಲೆ ಈ ಪದದ ಅರ್ಥವೇ ತಿರುಗಿಬೀಳುತ್ತದೆ. ಕೊಟ್ಟಿಗೆ ಗುಡಿಸಿದವರಿಗೆ, ಗದ್ದೆ ಉತ್ತವರಿಗೆ ಹಿತ್ತಲ ಬಾಗಿಲಲ್ಲಿ ಹಾಕುತ್ತಿದ್ದುದೂ ತಂಗಳೇ. ಅಲ್ಲಿ ಅದು ಸಲಿಗೆಯಲ್ಲ, ಅವಮಾನ. ಎಲ್ಲರಿಗೂ ಬಿಸಿ ಬಡಿಸಿ ಕೊನೆಗೆ ಒಬ್ಬಳೇ ಕೂತು ನಿನ್ನೆಯದನ್ನು ಮುಗಿಸುತ್ತಿದ್ದ ತಾಯಂದಿರ ಊಟಕ್ಕೆ ನಾವು ಬಹುಕಾಲ ತ್ಯಾಗವೆಂದು ಹೆಸರಿಟ್ಟು ಸುಮ್ಮನಾದೆವು. ಉಳಿದದ್ದನ್ನು ಮೇಜಿನ ನಡುವೆ ಇಟ್ಟು, ಎಲ್ಲರ ತಟ್ಟೆಗೂ ಒಂದೊಂದು ಚಮಚ ಹೋದಾಗಲೇ ತಂಗಳು ತಂಪಾಗಿರುತ್ತದೆ. ಒಬ್ಬರ ತಟ್ಟೆಗೇ ದಿನಾ ಹೋದರೆ ಅದು ಬರೀ ಕೂಳು.

ಮಾತಿಗೂ ಈ ಪದ ಹತ್ತಿಕೊಂಡಿದೆ. ಪತ್ರಿಕೆಯವರಿಗೆ ತಂಗಳು ಸುದ್ದಿ ಎಂದರೆ ಭಯ. ಮನೆಯಲ್ಲಿ ಮಾತ್ರ ತಂಗಳು ಸುದ್ದಿಗೆ ಬೆಲೆ ಹೆಚ್ಚು. ಚಿಕ್ಕಪ್ಪ ಮದುವೆಮನೆಯಲ್ಲಿ ಬೇರೆಯವರ ಚಪ್ಪಲಿ ಹಾಕಿಕೊಂಡು ಊರಿಗೆ ಬಂದ ಕಥೆಯನ್ನು ಎಷ್ಟು ಸಲ ಹೇಳಿದರೂ ಅದೇ ಜಾಗದಲ್ಲಿ ನಗು ಬರುತ್ತದೆ. ಹೇಳುವವರು ಒಂದು ವಾಕ್ಯ ಬಿಟ್ಟರೆ ಕೇಳುವವರು ಸೇರಿಸುತ್ತಾರೆ.

ಇನ್ನು ಉಳಿದಿರುವುದು ಯುಗಾದಿಯ ಒಬ್ಬಟ್ಟಿನ ಸಾರು. ಬೇಳೆ ಬೇಯಿಸಿದ ಕಟ್ಟು, ಒಂದಿಷ್ಟು ಹೂರಣ, ಹುಣಸೆ, ಖಾರ ಇವೆಲ್ಲ ಹಬ್ಬದ ದಿನ ಇನ್ನೂ ಬೇರೆಬೇರೆಯಾಗಿಯೇ ಇರುತ್ತವೆ. ರಾತ್ರಿ ಕಳೆದ ಮೇಲೆ ಒಂದಾಗುತ್ತವೆ. ಎರಡನೆಯ ದಿನದ್ದೇ ರುಚಿ ಎಂಬುದರಲ್ಲಿ ಹಳೆ ಮೈಸೂರಿನ ಮನೆಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ಜಗಳವಿರುವುದು ಮೂರನೆಯ ದಿನದ ಬಗ್ಗೆ. ಚೆನ್ನಾಗಿ ಕುದಿಸಿ, ಕುದಿಸಿ, ತಳದಲ್ಲಿ ಗಟ್ಟಿಯಾಗಿ ನಿಂತ ಆ ಕೊನೆಯ ಸೌಟಿನ ಪರವಾಗಿ ನಾನು ಯಾರ ಹತ್ತಿರ ಬೇಕಾದರೂ ವಾದಿಸುತ್ತೇನೆ.